ಕೋಟೆ ನೋಡಿದೆ, ಕಾಡು ಸುತ್ತಿದೆ, ಕಾದಂಬರಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ಕೆಲವು ಸಣ್ಣ ಕಥೆಗಳು ಪ್ರಕಟವಾಗಿವೆ. ಹಳೆಯ ಕೋಟೆ, ಕಾಡು ಸುತ್ತುವ ಹುಚ್ಚು ಮೊದಲಿನಿಂದಲೂ ಇದೆ. ಅದನ್ನೇ ನೆಚ್ಚಿಕೊಂಡು ಮೊದಲ ಕಾದಂಬರಿಗೆ 17ನೇ ಶತಮಾನದ ಒಂದು ಮುತ್ತಿಗೆಯನ್ನು ಆರಿಸಿಕೊಂಡೆ. ಟಿಪ್ಪಣಿಗಳು ರಾಶಿ ಬಿದ್ದಿವೆ. ಆದರೆ 40 ಪುಟ ಆದ ಮೇಲೆ ಒಂದು ಸಾಲೂ ಹುಟ್ಟುತ್ತಿಲ್ಲ. ಓದಿದ ಗೆಳತಿ, 'ವರ್ಣನೆ ಚೆನ್ನಾಗಿದೆ ಕಣೇ, ಆದರೆ ಪ್ರವಾಸ ಲೇಖನ ಓದಿದ ಹಾಗಾಯಿತು' ಅಂದಳು. ಸ್ಫೂರ್ತಿ ಬತ್ತಿಹೋಯಿತೇ? ಇನ್ನೊಮ್ಮೆ ಆ ಜಾಗಕ್ಕೆ ಹೋಗಿ ಕೆಲವು ದಿನ ಇದ್ದು ಬರಲೇ? ನಾನು ಇತಿಹಾಸ ಓದಿದವಳಲ್ಲ. ತಪ್ಪು ಹಿಡಿದು ಬಯ್ಯುವವರ ಭಯವೂ ಇದೆ. ನಿಜವಾದ ರಾಜನ ಹೆಸರು ಬಳಸಿದರೆ ತೊಂದರೆಯಾದೀತೇ?

ಉತ್ತರ: ಪತ್ರದ ಜೊತೆ ಮೊದಲ ಕೆಲವು ಪುಟಗಳನ್ನೂ ಕಳಿಸಿದ್ದು ಒಳ್ಳೆಯದಾಯಿತು. ಪತ್ರ ಮಾತ್ರ ಬಂದಿದ್ದರೆ ನಾನೂ ಸ್ಫೂರ್ತಿಯ ಬಗ್ಗೆ ನಾಲ್ಕು ಮಾತು ಹೇಳಿ ಕೈತೊಳೆದುಕೊಳ್ಳುತ್ತಿದ್ದೆನೇನೋ. ಪುಟ ಓದಿದ ಮೇಲೆ ಹೇಳುತ್ತಿದ್ದೇನೆ: ನಿಮ್ಮ ಸ್ಫೂರ್ತಿ ಎಲ್ಲೂ ಹೋಗಿಲ್ಲ. ಕಲ್ಲಿನ ಬಣ್ಣ, ಬುರುಜಿನ ಬಿರುಕಿನಲ್ಲಿ ಬೇರುಬಿಟ್ಟ ಅತ್ತಿ, ಸಂಜೆ ಗೂಡಿಗೆ ಮರಳುವ ಗಿಳಿಗಳ ಗದ್ದಲ, ನೋಡಿದ್ದೆಲ್ಲ ಪುಟದ ಮೇಲೆ ಬಂದಿದೆ. ಆದರೆ ಆ ಕೋಟೆಯೊಳಗೆ ಇರುವ ಯಾರಿಗೂ ಏನೂ ಬೇಕಾಗಿಲ್ಲ. ರಾಜ ಬುರುಜಿನ ಮೇಲೆ ನಿಂತು ದೂರ ನೋಡುತ್ತಾನೆ. ರಾಣಿ ಕಿಟಕಿಯಲ್ಲಿ ನಿಂತು ದೂರ ನೋಡುತ್ತಾಳೆ. ಕಾವಲುಗಾರನೂ ಅದೇ ಕೆಲಸ ಮಾಡುತ್ತಿದ್ದಾನೆ.

ಹಲವು ವರ್ಷಗಳಿಂದ ಹೊಸಬರ ಹಸ್ತಪ್ರತಿಗಳನ್ನು ಓದಿ ತಿದ್ದುವುದು ನನ್ನ ಕೆಲಸ. ಚಾರಿತ್ರಿಕ ಕಾದಂಬರಿಗಳು ನಿಂತುಹೋಗುವುದು ಹೆಚ್ಚಾಗಿ ನಿಮ್ಮದು ನಿಂತ ಜಾಗದಲ್ಲೇ. ಅಲ್ಲಿಯತನಕ ಜಾಗದ ವರ್ಣನೆ ಲೇಖಕರನ್ನು ಎಳೆದುಕೊಂಡು ಹೋಗುತ್ತದೆ. ಅದು ಮುಗಿದ ಮೇಲೆ ಏನಾದರೂ ನಡೆಯಬೇಕು. ಏನು ನಡೆಯಿತು ಎನ್ನುವುದು ಇತಿಹಾಸದಲ್ಲಿ ಆಗಲೇ ಬರೆದಿಟ್ಟಿದೆ. ಕೋಟೆ ಬೀಳುತ್ತದೆ ಎಂದು ನಿಮಗೆ ಗೊತ್ತಿರುವುದರಿಂದ ನಿಮ್ಮ ಪಾತ್ರಗಳೂ ಅದು ಬೀಳುವುದನ್ನೇ ಕಾಯುತ್ತ ಕೂತುಬಿಟ್ಟಿವೆ. ಇನ್ನೊಮ್ಮೆ ಹೋಗಿ ಬಂದರೆ ಇನ್ನಷ್ಟು ಗಿಳಿಗಳು ಸಿಗುತ್ತವೆ, ಅಷ್ಟೆ. ಹೋಗಬೇಡಿ ಅನ್ನುತ್ತಿಲ್ಲ. ಏನು ಕೇಳಲು ಹೋಗುತ್ತಿದ್ದೇನೆ ಎನ್ನುವುದು ಗೊತ್ತಾದ ಮೇಲೆ ಹೋಗಿ.

'ಜಾಗಕ್ಕೆ ಹೋದರೆ ಕಥೆ ತಾನಾಗಿ ಬರುತ್ತದೆ' ಎನ್ನುವ ನಂಬಿಕೆ ಬಹಳ ಜನರನ್ನು ದಾರಿ ತಪ್ಪಿಸಿದೆ. ಜಾಗ ಕೊಡುವುದು ಮನಃಸ್ಥಿತಿಯನ್ನು, ಕಥೆಯನ್ನಲ್ಲ. ಕಥೆ ಬೇಕಾದರೆ ದಾಖಲೆಯಲ್ಲಿ ಏನಿದೆ ಎನ್ನುವುದಕ್ಕಿಂತ ಅದು ಎಲ್ಲಿ ಬಾಯಿ ಮುಚ್ಚಿಕೊಂಡಿದೆ ಎಂದು ನೋಡಬೇಕು. ಒಂದು ಉದಾಹರಣೆ ಹಿಡಿದು ಹೇಳುತ್ತೇನೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ನೀವು ನೋಡಿರಬಹುದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧ ಆಗಷ್ಟೇ ಮುಗಿದಿದೆ. ಚೋಳ ರಾಜಕುಮಾರ ರಾಜಾದಿತ್ಯ ಸತ್ತಿದ್ದಾನೆ. ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ, ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಬೂತುಗ 'ಏನು ಬೇಕೋ ಕೇಳು' ಅನ್ನುತ್ತಾನೆ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ.

ಇಷ್ಟನ್ನು ಓದಿದ ಹೊಸ ಲೇಖಕರು ಸಾಮಾನ್ಯವಾಗಿ ತಕ್ಕೋಲದ ಯುದ್ಧವನ್ನು ಬರೆಯಲು ಹೊರಡುತ್ತಾರೆ. ಆನೆ, ಕುದುರೆ, ಧೂಳು, ಕೂಗಾಟ. ನಾನಾದರೆ ಯುದ್ಧವನ್ನು ಅದರ ಪಾಡಿಗೆ ಬಿಡುತ್ತೇನೆ. ರಾಜ್ಯಗಳ ಹಣೆಬರಹ ಬದಲಿಸಿದ ಯುದ್ಧದಿಂದ ಬಂದವನು ನಾಯಿಯನ್ನೇಕೆ ಕೇಳಿದ? ಅಷ್ಟು ಇಷ್ಟಪಟ್ಟು ಪಡೆದದ್ದನ್ನು ಹಂದಿಯ ಬಾಯಿಗೇಕೆ ಬಿಟ್ಟ? ತನಗಿಷ್ಟವಾದ ನಾಯಿ ಕೈತಪ್ಪಿದಾಗ ದೊರೆಗೆ ಏನನ್ನಿಸಿತು? ಅದಕ್ಕೆ ಅನ್ನ ಹಾಕುತ್ತಿದ್ದವನು ಯಾರು, ನಾಯಿಯ ಹಿಂದೆ ಅವನೂ ಹೊಸ ಒಡೆಯನ ಮನೆಗೆ ಹೋದನೇ? ನಾಯಿಗೆ ಪೂಜೆ ಮಾಡು ಎಂದು ಕಟ್ಟುಹಾಕಿಸಿಕೊಂಡ ಗೊರವ ಮೊದಲ ದಿನ ಹೂ ಏರಿಸುವಾಗ ಮನಸ್ಸಿನಲ್ಲೇ ಏನೆಂದುಕೊಂಡ? ಕಲ್ಲು ಇದ್ಯಾವುದನ್ನೂ ಹೇಳುವುದಿಲ್ಲ. ಕಾದಂಬರಿಕಾರರಿಗೆ ಬಿಟ್ಟ ಜಾಗ ಅದು. ಶಾಪದ ಸಾಲನ್ನು ಇನ್ನೊಮ್ಮೆ ಓದಿ. ಪೂಜೆ ನಿಂತುಹೋದೀತು ಎಂಬ ಸಂಶಯ ಇಲ್ಲದವನು ಶಾಪ ಬರೆಸುವುದಿಲ್ಲ. ಅಂದರೆ ಆ ಊರಲ್ಲಿ ಯಾರೋ ಆಗಲೇ ನಕ್ಕಿರಬೇಕು.

ಶಾಸನಗಳಲ್ಲಿ ನಿಮಗೆ ಕೆಲಸಕ್ಕೆ ಬರುವ ಇನ್ನೊಂದು ಭಾಗವನ್ನು ಬಹಳ ಜನ ಹಾರಿಸಿಬಿಡುತ್ತಾರೆ: ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವ ಸಾಲುಗಳು. ಮೂಡಲಿಗೆ ಹುಣಸೆಮರ, ತೆಂಕಲಿಗೆ ಹುತ್ತ, ಪಡುವಲಿಗೆ ಹಳ್ಳ ಎಂಬ ರೀತಿಯಲ್ಲಿ ಅವು ಸಾಗುತ್ತವೆ. ರಾಜನ ಬಿರುದಾವಳಿ ಹತ್ತು ಕಡೆ ಒಂದೇ ಥರ ಇರುತ್ತದೆ, ಈ ಸಾಲುಗಳು ಮಾತ್ರ ಆ ನೆಲಕ್ಕೇ ಸೇರಿದವು. ಯಾರೋ ಒಬ್ಬರು ನಿಜವಾಗಿ ನಡೆದು, ಬೊಟ್ಟು ಮಾಡಿ ತೋರಿಸಿ ಹೇಳಿಸಿದ್ದು. ಇತಿಹಾಸ ಮತ್ತು ಪ್ರಕೃತಿ ಒಂದೇ ಸಾಲಿನಲ್ಲಿ ಸಿಗಬೇಕೆಂದರೆ ಮೊದಲು ಅಲ್ಲಿ ಹುಡುಕಿ. ಬಿ. ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಗ್ರಹದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ನಿಮ್ಮ ಕೋಟೆ ಇರುವ ತಾಲ್ಲೂಕಿನ ಭಾಗವನ್ನಷ್ಟೇ ಓದಿದರೂ ಸಾಕು.

ಇನ್ನು ಪ್ರಕೃತಿಯ ವಿಚಾರ. ಗೆಳತಿ 'ಪ್ರವಾಸ ಲೇಖನ' ಅಂದದ್ದಕ್ಕೆ ಕಾರಣ ವರ್ಣನೆ ಹೆಚ್ಚಾಗಿದೆ ಎಂದಲ್ಲ. ನಿಮ್ಮ ಕಾಡಿನಿಂದ, ಮಳೆಯಿಂದ ಯಾರ ಕೆಲಸವೂ ಕೆಡುತ್ತಿಲ್ಲ, ಯಾರ ಕೆಲಸವೂ ಆಗುತ್ತಿಲ್ಲ. ನೋಡಲು ಚೆಂದ ಇದೆ, ಅಷ್ಟೆ. ಕಾದಂಬರಿಯಲ್ಲಿ ಪ್ರಕೃತಿ ಗಡುವು ವಿಧಿಸಬೇಕು. ಮುತ್ತಿಗೆಯಲ್ಲಿ ಇದಕ್ಕಿಂತ ಸುಲಭ ಇನ್ನೇನಿದೆ? ಮಳೆಗಾಲಕ್ಕೆ ಮೊದಲು ಕೋಟೆ ಹಿಡಿಯದಿದ್ದರೆ ಹೊರಗಿನ ಸೈನ್ಯ ಕೆಸರಿನಲ್ಲಿ ಹೂತುಹೋಗುತ್ತದೆ. ಗಾಡಿ ಬರುವುದಿಲ್ಲ, ಮದ್ದು ತೇವವಾಗುತ್ತದೆ, ಬಿಡಾರಗಳಲ್ಲಿ ಭೇದಿ ಶುರುವಾಗುತ್ತದೆ. ಒಳಗಿನವರಿಗೆ ಇದೇ ಲೆಕ್ಕ ತಿರುವುಮುರುವು: ಮಳೆ ಬರುವ ತನಕ ಹೊಂಡದ ನೀರು ಸಾಕಾಗಬೇಕು. ಎರಡು ಕಡೆಯವರೂ ಒಂದೇ ಮೋಡವನ್ನು ನೋಡುತ್ತಿದ್ದಾರೆ, ಒಬ್ಬರು ಹೆದರಿ, ಇನ್ನೊಬ್ಬರು ಆಸೆಯಿಂದ. ಆ ಮೋಡವನ್ನು ನೀವು ಅರ್ಧ ಪುಟ ವರ್ಣಿಸಿದರೂ ಯಾರೂ ಪುಟ ಹಾರಿಸುವುದಿಲ್ಲ.

ಪ್ರಕೃತಿಯಿಂದ ಹುಟ್ಟುವ ಕಥೆಗಳಲ್ಲಿ ಎರಡು ಬಗೆಯನ್ನು ನಾನು ಬೇರೆಬೇರೆಯಾಗಿ ನೋಡುತ್ತೇನೆ. ಮೊದಲನೆಯದರಲ್ಲಿ ಆದದ್ದೇಕೆ ಎಂದು ಪಾತ್ರಗಳಿಗೆ ಗೊತ್ತೇ ಇರುವುದಿಲ್ಲ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಯುರೋಪಿನಲ್ಲೂ ಅಮೆರಿಕದ ಈಶಾನ್ಯ ಭಾಗದಲ್ಲೂ ಬೇಸಿಗೆ ಬರಲೇ ಇಲ್ಲ. ಜೂನ್‌ನಲ್ಲಿ ಹಿಮ ಬಿತ್ತು, ಪೈರು ಹಾಳಾಯಿತು, ಧಾನ್ಯದ ಬೆಲೆ ಏರಿತು, ಜನ ಊರು ಬಿಟ್ಟರು. ಎಲ್ಲೋ ಸಮುದ್ರದಾಚೆಯ ಬೆಟ್ಟಕ್ಕೂ ತನ್ನ ಹೊಲಕ್ಕೂ ನಂಟಿದೆ ಎಂದು ಆ ರೈತನಿಗೆ ಗೊತ್ತಾಗುವಂತಿರಲಿಲ್ಲ. ವಿಜ್ಞಾನಿಗಳು ಆ ನಂಟನ್ನು ಬಿಡಿಸಿ ಹೇಳಿದ್ದು ಮುಂದಿನ ಶತಮಾನದಲ್ಲಿ. ಕಾರಣ ಗೊತ್ತಿಲ್ಲದವನು ಪಾಪವನ್ನು ಹುಡುಕುತ್ತಾನೆ, ಪಕ್ಕದ ಮನೆಯವನನ್ನು ಸಂಶಯಿಸುತ್ತಾನೆ, ಪ್ರಾರ್ಥಿಸುತ್ತಾನೆ, ಓಡಿಹೋಗುತ್ತಾನೆ. ಇಂಥ ಕಾದಂಬರಿಯಲ್ಲಿ ಲೇಖಕರು ತಮಗೆ ಗೊತ್ತಿರುವುದನ್ನು ಪಾತ್ರಗಳ ಬಾಯಲ್ಲಿ ಹೇಳಿಸಿಬಿಟ್ಟರೆ ಎಲ್ಲ ಕೆಟ್ಟಿತು.

ಎರಡನೆಯ ಬಗೆಯಲ್ಲಿ ಒಬ್ಬರಿಗೆ ಗೊತ್ತಿರುತ್ತದೆ, ಉಳಿದವರು ನಂಬುವುದಿಲ್ಲ. ಮಿಜೋರಾಂನಲ್ಲಿ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಬೆಟ್ಟಕ್ಕೆ ಬೆಟ್ಟವೇ ಹೂಬಿಟ್ಟು ಸಾಯುತ್ತದೆ. ಉದುರಿದ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ, ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. 1958-59ರಲ್ಲಿ ಬಿದಿರು ಹೂಬಿಡುವ ಹೊತ್ತಿಗೆ ಹಿಂದಿನ ಸಲದ, 1911ರ ಸುಮಾರಿನ ಹಸಿವನ್ನು ಕಂಡ ಹಿರಿಯರು ಇನ್ನೂ ಬದುಕಿದ್ದರು. ಬರ ಬರುತ್ತದೆ ಎಂದು ಮೊದಲೇ ಎಚ್ಚರಿಸಲಾಗಿತ್ತು, ಆಡಳಿತ ಕಿವಿಗೆ ಹಾಕಿಕೊಳ್ಳಲಿಲ್ಲ. ಬರ ಬಂತು. ಅದರ ಪರಿಹಾರಕ್ಕೆಂದು ಹುಟ್ಟಿದ ಸಂಘಟನೆ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು, 1966ರಲ್ಲಿ ಬಂಡಾಯವೆದ್ದಿತು, ಶಾಂತಿ ಒಪ್ಪಂದ ಆಗಿದ್ದು 1986ರಲ್ಲಿ. ಒಂದು ಗಿಡದ ಹೂವಿನಿಂದ ಇಷ್ಟು ದೂರ! ಇದನ್ನು ಹೇಳಲು ಸೇನಾಪತಿಗಳ ಕಣ್ಣು ಬೇಕಿಲ್ಲ. ಹೂ ಕಂಡ ದಿನದಿಂದ ಮನೆಯವರಿಗೆ ಗೊತ್ತಾಗದಂತೆ ಹಿಡಿಹಿಡಿ ಅಕ್ಕಿ ಬಚ್ಚಿಡುವ ಒಬ್ಬ ಅಜ್ಜಿ ಸಾಕು.

ನಿಮ್ಮ ಮುತ್ತಿಗೆ ಎರಡನೆಯ ಬಗೆಗೆ ಹತ್ತಿರ. ಹೊಂಡದ ನೀರು ಎಷ್ಟು ದಿನ ಬರುತ್ತದೆ ಎಂದು ಸರಿಯಾಗಿ ಬಲ್ಲವನು ಕೋಟೆಯಲ್ಲಿ ಒಬ್ಬನಾದರೂ ಇದ್ದೇ ಇರುತ್ತಾನೆ, ಮತ್ತು ಅವನು ರಾಜನಾಗಿರುವುದಿಲ್ಲ.

ಇದೇ ಮಾತು ಬಂದಿದ್ದರಿಂದ ಹೇಳುತ್ತೇನೆ, ದೊಡ್ಡ ಘಟನೆಗೆ ದೊಡ್ಡ ನಾಯಕನೇ ಬೇಕೆಂಬ ಹಟ ಬಿಡಿ. 19ನೇ ಶತಮಾನದಲ್ಲಿ ಬ್ರಿಟಿಷರು ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಮತ್ತು ಮಧ್ಯ ಭಾರತಕ್ಕೆ ಅಡ್ಡಲಾಗಿ ಸುಂಕದ ಗಡಿ ಹಾಕಿ, ಅದರುದ್ದಕ್ಕೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಮುಳ್ಳುಬೇಲಿ ಬೆಳೆಸಿದ್ದರು. ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿ ಒತ್ತೊತ್ತಾಗಿ ಬೆಳೆದ ಗೋಡೆ. ಸುಮಾರು 12,000 ಜನ ಕಾವಲಿದ್ದರು. ಗೆದ್ದಲು, ಇಲಿ, ಮಿಡತೆ, ಬಳ್ಳಿ, ಬೆಂಕಿ ಸದಾ ಬೇಲಿಯನ್ನು ತಿನ್ನುತ್ತಿದ್ದವು. 1879ರಲ್ಲಿ ಗಡಿಯನ್ನೇ ರದ್ದು ಮಾಡಿದರು. ಈಗ ಅದರ ಗುರುತು ಹುಡುಕಿದರೂ ಸಿಗುವುದು ಕಷ್ಟ. 1867ರಿಂದ 1870ರವರೆಗೆ ಅದರ ಮೇಲಧಿಕಾರಿಯಾಗಿದ್ದವನು ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬನಾದ, ಹಕ್ಕಿಗಳ ಮಹಾ ಪಂಡಿತ ಎ. ಓ. ಹ್ಯೂಮ್. ಹೆಸರು ಕಂಡ ಕೂಡಲೇ ಎಲ್ಲರೂ ಹ್ಯೂಮ್‌ನತ್ತ ಓಡುತ್ತಾರೆ, ನನಗೂ ಆಸೆಯಾಗುತ್ತದೆ. ಆದರೆ ಆತನ ಬದುಕಿನ ಬಹುಭಾಗ ದಾಖಲಾಗಿದೆ, ನೀವು ಅಲುಗಾಡಲು ಜಾಗ ಕಡಿಮೆ. ಹಗಲು ಬೇಲಿಗೆ ನೀರು ಹಾಕಿ ಬೆಳೆಸಿ, ರಾತ್ರಿ ಅದೇ ಬೇಲಿಯ ಸಂದಿಯಲ್ಲಿ ತನ್ನವರಿಗೆ ಉಪ್ಪು ದಾಟಿಸಬೇಕಾಗಿ ಬಂದ ಕಾವಲುಗಾರನ ಬಗ್ಗೆ ಯಾರೂ ಏನೂ ಬರೆದಿಟ್ಟಿಲ್ಲ. ಅವನು ಪೂರ್ತಿ ನಿಮ್ಮವನು.

ಈಗ ತಪ್ಪಿನ ಭಯಕ್ಕೆ ಬರೋಣ. ಇತಿಹಾಸದ ಪದವಿ ಇಲ್ಲದಿರುವುದು ಅಡ್ಡಿಯಲ್ಲ. ಯುದ್ಧದ ಇಸವಿ, ರಾಜರ ವಂಶಾವಳಿ ತಪ್ಪುವವರು ಕಡಿಮೆ, ಏಕೆಂದರೆ ಅದನ್ನು ಎಲ್ಲರೂ ನೋಡಿಕೊಂಡೇ ಬರೆಯುತ್ತಾರೆ. ತಪ್ಪುವುದು ಗಿಡಮರಗಳಲ್ಲಿ. ನಿಮ್ಮ ಮೊದಲ ಅಧ್ಯಾಯದಲ್ಲಿ ಕೋಟೆ ಬಾಗಿಲ ಪಕ್ಕ ಗುಲ್‌ಮೊಹರ್ ಕೆಂಪಾಗಿ ಅರಳಿದೆ. ಅದು ಮಡಗಾಸ್ಕರ್‌ನ ಮರ, ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ಬೇಹುಗಾರ ಅಡಗಿ ಕೂತಿರುವ ಲಂಟಾನ ಪೊದೆಯೂ ಅಮೆರಿಕದಿಂದ ಆ ಶತಮಾನದಲ್ಲೇ ಬಂದದ್ದು. ನೀಲಗಿರಿ ಆಸ್ಟ್ರೇಲಿಯಾದ್ದು, ಪಾರ್ಥೇನಿಯಂ ಇಲ್ಲಿ ಹರಡಿದ್ದು 1950ರ ದಶಕದ ಈಚೆಗೆ. ಮೆಣಸಿನಕಾಯಿ, ಹೊಗೆಸೊಪ್ಪು, ಗೋಡಂಬಿ, ಸೀಬೆ, ನೆಲಗಡಲೆ, ಚೆಂಡುಹೂ ಎಲ್ಲವೂ 1498ರಲ್ಲಿ ವಾಸ್ಕೋ ಡ ಗಾಮ ಬಂದುಹೋದ ಮೇಲೆ ಅಮೆರಿಕ ಖಂಡದಿಂದ ಬಂದವು. ನಿಮ್ಮದು 17ನೇ ಶತಮಾನವಾದ್ದರಿಂದ ಮೆಣಸಿನಕಾಯಿ, ಹೊಗೆಸೊಪ್ಪು ಇದ್ದರೆ ನಡೆಯುತ್ತದೆ. ಹೊಯ್ಸಳರ ಕಾಲದ ಕಾದಂಬರಿಯಾಗಿದ್ದರೆ ನಡೆಯುತ್ತಿರಲಿಲ್ಲ. (ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳವೇ ಎಂದು ವಾದಿಸಿದವರೂ ಇದ್ದಾರೆ. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ನೀವು ಆ ತಂಟೆಗೆ ಹೋಗಬೇಡಿ.) ಇವತ್ತು ಕೋಟೆ ಸುತ್ತಿ ಬಂದು ಕಂಡದ್ದನ್ನು ಕಂಡ ಹಾಗೆ ಬರೆಯುವುದರಿಂದ ಆಗುವ ಎಡವಟ್ಟು ಇದೇ: ಕಲ್ಲು ಹಳೆಯದು, ಅದರ ಸುತ್ತಲಿನ ಹಸಿರು ಹಳೆಯದಲ್ಲ.

ಇನ್ನೊಂದು, ಚಂದ್ರ. ನಿಮ್ಮ ಶತ್ರುಗಳು ಹುಣ್ಣಿಮೆಯ ಬೆಳದಿಂಗಳಲ್ಲಿ ಗುಟ್ಟಾಗಿ ಏಣಿ ಹಾಕುತ್ತಾರೆ. ದೃಶ್ಯವೇನೋ ಸೊಗಸು, ಆದರೆ ಅಷ್ಟು ಬೆಳಕಿದ್ದ ರಾತ್ರಿಯನ್ನು ಆರಿಸಿಕೊಂಡ ಸೇನಾಪತಿಯನ್ನು ಅವನ ಸೈನಿಕರೇ ನಂಬಲಾರರು. ಹಳೆಯ ದಾಖಲೆಗಳಲ್ಲಿ ತಿಥಿ ಕೊಟ್ಟಿದ್ದರೆ ನೀವು ಅದೃಷ್ಟವಂತರು, ಆ ರಾತ್ರಿ ಎಷ್ಟು ಬೆಳಕಿತ್ತೆಂದು ತಿಥಿಯೇ ಹೇಳಿಬಿಡುತ್ತದೆ. ಗ್ರಹಣದ ದಿನ ಕೊಟ್ಟ ದಾನಗಳ ಶಾಸನವಾದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ತಾರೀಖು ಮಾತ್ರ ಇದ್ದರೆ ಸ್ವಾಮಿಕಣ್ಣು ಪಿಳ್ಳೈ ಅವರು 700ರಿಂದ 1799ರವರೆಗಿನ ದಿನಗಳಿಗೆ ಮಾಡಿಟ್ಟ ಕೋಷ್ಟಕಗಳಲ್ಲಿ ತಿಥಿ ನೋಡಬಹುದು.

ರಾಜನ ಹೆಸರಿನ ಪ್ರಶ್ನೆಗೆ ಬಂದರೆ, ನಿಮ್ಮ ಮುಂದೆ ಮೂರು ದಾರಿಗಳಿವೆ. ಯಾವುದೂ ಪೂರ್ತಿ ಸುರಕ್ಷಿತವಲ್ಲ. ನಿಜವಾದ ರಾಜನನ್ನೇ ಕೇಂದ್ರದಲ್ಲಿಟ್ಟು ಬರೆದರೆ ಓದುಗರ ಕುತೂಹಲ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಆತನನ್ನು ಆರಾಧಿಸುವವರು, ದ್ವೇಷಿಸುವವರು ಇಬ್ಬರೂ ಪ್ರತಿ ಸಾಲನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಸತ್ತವರ ಮೇಲೆ ಹೊರಿಸಿದ ಆರೋಪವೂ, ಅದು ಕುಟುಂಬದವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಮಾನಹಾನಿ ಆಗಬಹುದು. 17ನೇ ಶತಮಾನದವರ ವಿಷಯದಲ್ಲಿ ಅದಕ್ಕಿಂತ ಹೆಚ್ಚಾಗಿ ಬೀದಿ ಗಲಾಟೆಗೆ ಪ್ರಕಾಶಕರು ಹೆದರುತ್ತಾರೆ. 'ಇದರಲ್ಲಿನ ಪಾತ್ರಗಳು ಕಾಲ್ಪನಿಕ' ಎಂಬ ಸಾಲು ರಾಜನ ನಿಜ ಹೆಸರು ಇರುವ ಪುಸ್ತಕದಲ್ಲಿ ಯಾರನ್ನೂ ಕಾಪಾಡಿದ್ದನ್ನು ನಾನು ಕಂಡಿಲ್ಲ. ಎರಡನೆಯ ದಾರಿ, ರಾಜ್ಯ, ಕೋಟೆ, ಹೆಸರು ಎಲ್ಲವನ್ನೂ ಕಲ್ಪಿಸುವುದು. ಸ್ವಾತಂತ್ರ್ಯ ಬೇಕಾದಷ್ಟು ಸಿಗುತ್ತದೆ, ಆದರೆ ನೀರಿನ ಲೆಕ್ಕದಿಂದ ಹಿಡಿದು ತೆರಿಗೆಯ ತನಕ ಎಲ್ಲವನ್ನೂ ನೀವೇ ಕಟ್ಟಬೇಕು. ಮೊದಲ ಕಾದಂಬರಿಗೆ ಇದು ದೊಡ್ಡ ಹೊರೆ, ಮತ್ತು ಓದುಗರು ಹೇಗೂ 'ಇದು ಯಾವ ರಾಜ ಇರಬಹುದು' ಎಂದು ಹುಡುಕಿಯೇ ಹುಡುಕುತ್ತಾರೆ.

ನಾನು ಹೊಸಬರಿಗೆ ಹೇಳುವುದು ಮೂರನೆಯದನ್ನು. ನಿಜವಾದ ಕಾಲ, ನಿಜವಾದ ಕೋಟೆ, ನಿಜವಾದ ರಾಜ ಇರಲಿ, ಆದರೆ ಆತ ಹಿನ್ನೆಲೆಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳಲಿ. ಎದುರಿಗೆ ನಿಮ್ಮ ಕಲ್ಪನೆಯ ಜನ ಇರಲಿ. ರಾಜ ಏನು ಮಾಡಿದ ಎಂಬುದನ್ನು ದಾಖಲೆಗೆ ಬಿಡಿ, ಏಕೆ ಮಾಡಿದ ಎನ್ನುವುದನ್ನು ಕೋಟೆಯ ಜನ ತಮಗೆ ತೋಚಿದಂತೆ ಮಾತಾಡಿಕೊಳ್ಳಲಿ. ಇದರಲ್ಲೂ ಒಂದು ಅಪಾಯವಿದೆ: ಕೊನೆಗೆ ಹೊಂಡದ ಲೆಕ್ಕ ಬಲ್ಲ ನಿಮ್ಮ ನೀರಗಂಟಿಯೇ (ನೀರು ನೋಡಿಕೊಳ್ಳುವವನೇ) ಕೋಟೆಯನ್ನು ಉಳಿಸಿಬಿಡುವ ಆಸೆ ಹುಟ್ಟುತ್ತದೆ. ಕೋಟೆ ಬಿದ್ದಿದೆ, ಬೀಳಲೇಬೇಕು. ಅವನು ಉಳಿಸಬಲ್ಲದ್ದು ಬೇರೇನಾದರೂ ಇರಲಿ.

ಒಂದು ಎಚ್ಚರಿಕೆ ಮರೆಯುವ ಮೊದಲು ಹೇಳುತ್ತೇನೆ. ನಿಮ್ಮ ಟಿಪ್ಪಣಿಗಳಲ್ಲಿ 'ಎಲ್ಲರಿಗೂ ಗೊತ್ತಿರುವ' ಪ್ರಸಂಗಗಳಿದ್ದರೆ ಅವುಗಳ ಮೂಲ ನೋಡಿ. ಇತಿಹಾಸವೆಂದು ನಾವು ನಂಬಿರುವುದರಲ್ಲಿ ಎಷ್ಟೋ ಸಂಗತಿ ಯಾವುದೋ ನಾಟಕಕಾರನೋ ಸಿನಿಮಾದವರೋ ಹುಟ್ಟಿಸಿದ್ದು. ಇತಿಹಾಸದ ಸಂಗತಿಗೆ ಯಾರ ಹಕ್ಕೂ ಇಲ್ಲ, ಆದರೆ ಇನ್ನೊಬ್ಬ ಲೇಖಕ ಕಲ್ಪಿಸಿದ ದೃಶ್ಯಕ್ಕೆ ಕೃತಿಸ್ವಾಮ್ಯವಿದೆ. ನಮ್ಮಲ್ಲಿ ಅದು ಲೇಖಕರು ತೀರಿಹೋದ ಮೇಲೂ 60 ವರ್ಷ ಇರುತ್ತದೆ. ಆ ನಾಟಕ, ಆ ಸಿನಿಮಾಕ್ಕಿಂತ ಹಿಂದಿನ ದಾಖಲೆಯಲ್ಲಿ, ಲಾವಣಿಯಲ್ಲಿ ಆ ಪ್ರಸಂಗ ಇಲ್ಲವೆಂದರೆ ಬಿಟ್ಟುಬಿಡಿ.

ಇನ್ನು ಮಾಡಬೇಕಾದದ್ದು. ಆ 40 ಪುಟಗಳನ್ನು ಹರಿಯಬೇಡಿ, ಬೇರೆ ಕಡತದಲ್ಲಿ ಇಡಿ. ಅತ್ತಿ ಗಿಡ, ಗಿಳಿ ಎಲ್ಲ ಮುಂದೆ ಒಂದೊಂದು ಸಾಲಾಗಿ ಕೆಲಸಕ್ಕೆ ಬರುತ್ತವೆ. ಮುತ್ತಿಗೆ ಶುರುವಾದ ದಿನ, ಮುಗಿದ ದಿನ, ನಡುವೆ ದಾಖಲೆ ಖಚಿತವಾಗಿ ಹೇಳುವ ಘಟನೆಗಳು, ಮಳೆ ಹಿಡಿಯಬೇಕಾದ ಸಮಯ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಆಮೇಲೆ ನೀರಿನ ಲೆಕ್ಕ ಬಲ್ಲವನಿಗೆ ಒಂದು ಹೆಸರು, ಒಂದು ಮನೆ, ರಾಜನಿಗೆ ಸತ್ಯ ಹೇಳದೆ ಇರಲು ಒಂದು ಗಟ್ಟಿ ಕಾರಣ ಕೊಡಿ. ಹೊಂಡ ಅಳೆದು ಮನೆಗೆ ಬಂದು, ಕೇಳಿದ ಹೆಂಡತಿಗೆ ಅವನು ಸುಳ್ಳು ಹೇಳುವ ದೃಶ್ಯವನ್ನು ಮೊದಲು ಬರೆಯಿರಿ. ಅದೇ ಪುಸ್ತಕದ ಮೊದಲ ದೃಶ್ಯವಾಗಬೇಕೆಂದಿಲ್ಲ.

ಬರೆಯುವಾಗ ಸಂಶಯ ಬಂದಲ್ಲಿ ಎದ್ದು ಪುಸ್ತಕ ಹುಡುಕಲು ಹೋಗಬೇಡಿ. ಗುರುತು ಹಾಕಿ ಮುಂದುವರಿಯಿರಿ, ಕರಡು ಮುಗಿದ ಮೇಲೆ ಎಲ್ಲ ಗುರುತುಗಳನ್ನೂ ಒಟ್ಟಿಗೆ ನೋಡಿ. ಕೋಟೆಗೆ ಮತ್ತೆ ಹೋಗುವುದು ಆಗ. ಈ ಸಲ ಸಂಜೆಗೆ ಬೇಡ, ಬಿರುಬಿಸಿಲಿನ ಕಾಲದಲ್ಲಿ ಹೋಗಿ. ಹೊಂಡದಿಂದ ಕೊನೆಯ ಮನೆಯ ತನಕ ತುಂಬಿದ ಕೊಡ ಹೊತ್ತು ನಡೆಯಲು ಎಷ್ಟು ಹೊತ್ತು ಬೇಕು, ಆ ದಾರಿ ಯಾವ ಯಾವ ಬುರುಜಿನಿಂದ ಕಾಣುತ್ತದೆ ಎಂದು ನೋಡಿಕೊಂಡು ಬನ್ನಿ.